ಹಿಡಿ ಅಕ್ಕಿಯ ಪುಣ್ಯ



ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ನಿಮ್ಮೂರಿನ ಹೊರಗೂ ತಾಡಪಾಲಿನ ಗುಡಿಸಲುಗಳು ಏಳುತ್ತವಲ್ಲವೇ? ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯಿಂದ ಗುಳೇ ಬಂದವರು. ಮಳೆ ನಂಬಿದ ಒಂದೇ ಬೆಳೆ. ಅದು ಮುಗಿದ ಮೇಲೆ ಊರಿನಲ್ಲಿ ಕೂಲಿಯಿಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದು, ಮುದುಕರನ್ನು ಊರಲ್ಲೇ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾರೆ. ನಮ್ಮ ಮನೆಯ ಗೋಡೆ ಎಬ್ಬಿಸುವವರು ಇವರೇ, ಸಕ್ಕರೆಗೆ ಕಬ್ಬು ಕಡಿಯುವವರು ಇಂಥವರೇ. ಆದರೂ ಕೊಡ ಹಿಡಿದು ನೀರಿಗೆ ಬಂದರೆ "ಯಾರೋ ಹೊರಗಿನೋರು" ಅಂತ ಎಷ್ಟೋ ಬಾಗಿಲು ಮುಚ್ಚುತ್ತವೆ. ಒಳಗೆ ದೇವರ ಮುಂದೆ ದೀಪ ಉರಿಯುತ್ತಲೇ ಇರುತ್ತೆ!

ನಮ್ಮ ಧರ್ಮಗಳು ಏನು ಹೇಳುತ್ತವೆ, ನೋಡಿ. 12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹ ಇಟ್ಟರು. ಅದು ಭಿಕ್ಷೆಯಲ್ಲ, ಕೊಡುವವನು ತಾನೇ ದಾಸನೆಂದುಕೊಂಡು ಕೊಡಬೇಕು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಮುಸಲ್ಮಾನರ ಜಕಾತು ನೂರಕ್ಕೆ ಎರಡೂವರೆ. ಅದರಲ್ಲಿ ಬಡವನಂತೆ ದಾರಿಹೋಕನಿಗೂ ಪಾಲುಂಟು. ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಿ ಅನ್ನುತ್ತದೆ ಬೈಬಲ್ಲು. ಸಿಖ್ಖರ ಲಂಗರಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಅಂದರೆ ನೆಲೆ ತಪ್ಪಿದವರ ಪಾಲು ನಮ್ಮ ಅನ್ನದಲ್ಲಿ ಇದ್ದೇ ಇದೆ. ಕೊಟ್ಟೆವೆಂದು ಬೀಗುವ ಹಾಗಿಲ್ಲ.

ಹಾಗಾದರೆ ಏನು ಕೊಡೋಣ? ಹೋದ ವರ್ಷ ನಮ್ಮ ಓಣಿಯವರು ಹಳೇ ಸೀರೆ ಕೊಡಲು ಹೋದಾಗ ಒಬ್ಬ ತಾಯಿ ಅಂದಳು: "ಸೀರಿ ಇರ್ಲಿ ಅವ್ವಾ, ನಮ್ಮ ಹುಡುಗೀನ್ನ ಸಾಲ್ಯಾಗ ಕೂಡಿಸ್ಕೋತಾರೇನು ಕೇಳ್ರಿ." ನಾವು ನಾಲ್ಕು ಜನ ಅವಳ ಜೊತೆ ಶಾಲೆಗೆ ಹೋದೆವು. ಮೊದಲು "ಟಿ.ಸಿ. ಎಲ್ಲಿ?" ಅಂದರು. ಆದರೆ 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದ ಮಗುವನ್ನು ಟಿ.ಸಿ. ತಡವಾಯ್ತು, ಜನನ ಪತ್ರ ಇಲ್ಲ ಅಂತ ವಾಪಸು ಕಳಿಸುವಂತಿಲ್ಲ. ಅದನ್ನು ಸಮಾಧಾನದಿಂದಲೇ ಹೇಳಿದೆವು. ಯುಗಾದಿಗೆ ಊರಿಗೆ ಮರಳುವವರೆಗೂ ಹುಡುಗಿ ಮೂರನೇ ಕ್ಲಾಸಿನಲ್ಲಿ ಕೂತಳು, ಮಧ್ಯಾಹ್ನದ ಬಿಸಿಯೂಟ ಉಂಡಳು.

ಇನ್ನೂ ಚಿಕ್ಕ ಮಕ್ಕಳಿದ್ದರೆ, ಬಸುರಿ ಬಾಣಂತಿಯರಿದ್ದರೆ ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗಿ. ರೇಷನ್ ಕಾರ್ಡು ಊರಿನದೇ ಆದರೂ, ಆಧಾರ್ ಜೋಡಿಸಿದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತೆ. 2022ರ ಹೊತ್ತಿಗೆ ಈ ಏರ್ಪಾಡು ದೇಶದ ಎಲ್ಲ ರಾಜ್ಯಗಳಿಗೂ ಬಂತು. ಪಾಪ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ತಿಳಿಸಿ ಹೇಳುವುದೂ ದಾನವೇ.

ಜೊತೆಗೆ, ನಮ್ಮ ಅಜ್ಜಿಯರ ಹಿಡಿ ಅಕ್ಕಿಯ ಪದ್ಧತಿ ಮತ್ತೆ ಶುರು ಮಾಡಬಾರದೇಕೆ? ದಿನಾ ಅನ್ನಕ್ಕೆ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ. ಹುಳ ಬೀಳದಂತೆ ನಾಲ್ಕು ಒಣ ಬೇವಿನೆಲೆ ಇಡಿ. ತಿಂಗಳಿಗೆ ಹೆಚ್ಚುಕಡಿಮೆ 1 ಕಿಲೋ ಆಗುತ್ತೆ. ಹತ್ತು ಮನೆ ಸೇರಿದರೆ 10 ಕಿಲೋ! ರೊಟ್ಟಿ ಉಣ್ಣುವವರಿಗೆ ಜೋಳವೇ ಇಷ್ಟ, ಆದರೆ ಅದನ್ನೇ ಕೊಡಿ. ತಂಗಳು, ಹರಕು ಕೊಡಬೇಡಿ. ದೇವರಿಗೆ ಎಡೆ ಇಡುವಾಗ ಆರಿಸಿ ಇಡುತ್ತೀವಲ್ಲ, ಹಾಗೆ ಕೊಡಿ. ಹೆಸರು ಕೇಳಿ, ಊರು ಕೇಳಿ, ನೆರಳಲ್ಲಿ ಕೂರಿಸಿ ನೀರು ಕೊಡಿ.

ನಿಮ್ಮ ಓಣಿಯಲ್ಲಿ ಏನು ಮಾಡಿದಿರಿ, ನಮಗೆ ಬರೆದು ತಿಳಿಸುವಿರಲ್ಲ?