ಒಂದೇ ಕುಡಿತಕ್ಕೆ ಎರಡು ತಕ್ಕಡಿ

2015ರ ಜನವರಿಯ ಒಂದು ನಡುರಾತ್ರಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೈಕಲ್ ತುಳಿದುಕೊಂಡು ಹೊರಟಿದ್ದ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳಿಗೆ ಕಸದ ತೊಟ್ಟಿಯ ಹಿಂದೆ ಅಲುಗಾಡದೆ ಬಿದ್ದಿದ್ದ ಯುವತಿಯೂ ಅವಳ ಮೇಲಿದ್ದ ಯುವಕನೂ ಕಂಡರು. ಇವರು ಕೂಗಿದ್ದೇ ತಡ ಅವನು ಓಡಿದ. ಬೆನ್ನಟ್ಟಿ ಕೆಡವಿ, ಪೊಲೀಸರು ಬರುವವರೆಗೂ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಆ ಯುವತಿ, ಶನೆಲ್ ಮಿಲ್ಲರ್ ಅವರ ಕೂದಲಲ್ಲಿ ಪೈನ್ ಮರದ ಸೂಜಿ ಎಲೆಗಳು ಸಿಕ್ಕಿಕೊಂಡಿದ್ದವು. ನಡೆದದ್ದು ನೆನಪಿರಲಿಲ್ಲ.

ಇಬ್ಬರೂ ಕುಡಿದಿದ್ದರು. ನ್ಯಾಯಾಲಯದಲ್ಲಿ ಆಕೆಯ ಕುಡಿತ ಸವಾಲಿನ ಮೇಲೆ ಸವಾಲಾಯಿತು: ಎಷ್ಟು ಕುಡಿದಿರಿ, ಕಾಲೇಜಿನಲ್ಲಿದ್ದಾಗಲೂ ಕುಡಿಯುತ್ತಿದ್ದಿರಾ, ಅಂದು ರಾತ್ರಿ ಊಟಕ್ಕೆ ಏನಿತ್ತು? ಆ ಯುವಕ ಬ್ರಾಕ್ ಟರ್ನರ್‌ನ ಕುಡಿತ ಮಾತ್ರ ರಿಯಾಯಿತಿಯಾಯಿತು. ಮೂರು ಗಂಭೀರ ಆರೋಪಗಳಲ್ಲಿ ಜ್ಯೂರಿ ಅವನನ್ನು ತಪ್ಪಿತಸ್ಥನೆಂದಿತ್ತು. ಆದರೆ ಅಮಲಿನಲ್ಲಿದ್ದವನ ನೈತಿಕ ಹೊಣೆ ಕಡಿಮೆ ಎಂಬುದನ್ನೂ ನ್ಯಾಯಾಧೀಶ ಆ್ಯರನ್ ಪರ್ಸ್ಕಿ ಲೆಕ್ಕಕ್ಕೆ ಹಿಡಿದರು. ಪ್ರಾಸಿಕ್ಯೂಷನ್ ಆರು ವರ್ಷ ಕೇಳಿತ್ತು. ಸಿಕ್ಕಿದ್ದು ಆರು ತಿಂಗಳು, ಒಳಗಿದ್ದದ್ದು ಮೂರೇ ತಿಂಗಳು. 2018ರಲ್ಲಿ ಮತದಾರರು ಆ ನ್ಯಾಯಾಧೀಶರನ್ನೇ ಹುದ್ದೆಯಿಂದ ಇಳಿಸಿದರು.

ಅಮೆರಿಕದ ಕಾಲೇಜುಗಳ ಲೈಂಗಿಕ ದೌರ್ಜನ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮದ್ಯ ಇರುತ್ತದೆಂದು ಸಂಶೋಧಕರು ಬಹುಕಾಲದಿಂದ ಹೇಳುತ್ತಿದ್ದಾರೆ. ಹಾಗಿರುವಾಗ ಮದ್ಯದ ಮಾತೆತ್ತಿದರೆ ಹೆಣ್ಣನ್ನು ದೂಷಿಸಿದಂತಾಗುತ್ತದೆ ಎಂದು ಸ್ತ್ರೀವಾದಿಗಳು ಅದನ್ನು ದೂರವಿಡಬೇಕಿಲ್ಲ. ಅದನ್ನು ಯಾರು, ಎಲ್ಲಿ ಸುರಿಯುತ್ತಾರೆ ಎಂದು ಕೇಳಿದರೆ ಚಿತ್ರ ಬೇರೆಯೇ ಕಾಣುತ್ತದೆ. ಅಲ್ಲಿ 21 ತುಂಬದವರಿಗೆ ಬಾರ್‌ನಲ್ಲಿ ಮದ್ಯ ಕೊಡುವಂತಿಲ್ಲ. ವಿದ್ಯಾರ್ಥಿನಿಯರ ಸಂಘಗಳಾದ ಸೊರಾರಿಟಿಗಳ ಮನೆಗಳಲ್ಲಿ ಬಹುಪಾಲು ಮದ್ಯವೇ ನಿಷಿದ್ಧ. ಉಳಿಯುವುದು ಹುಡುಗರ ಸಂಘಗಳಾದ ಫ್ರಾಟರ್ನಿಟಿಗಳ ಮನೆ. ಬಾಗಿಲಲ್ಲಿ ಯಾರನ್ನು ಒಳಬಿಡಬೇಕು, ಲೋಟಕ್ಕೆ ಏನು ಬೆರೆಸಬೇಕು, ಮಹಡಿಯ ಕೋಣೆಗಳ ಕೀಲಿ ಯಾರ ಬಳಿ ಇರಬೇಕು ಎಲ್ಲವನ್ನೂ ಅವರೇ ತೀರ್ಮಾನಿಸುತ್ತಾರೆ. ಕಾಲೇಜಿಗೆ ಕಾಲಿಟ್ಟ ಹದಿನೆಂಟರ ಹುಡುಗಿ ಅಲ್ಲಿ ಅತಿಥಿ. ಏನಾದರೂ ಆದರೆ ದೂರು ಕೊಡಲೂ ಭಯ, ತಾನೇ ವಯಸ್ಸು ತುಂಬದೆ ಕುಡಿದವಳಲ್ಲವೇ! ಕ್ಯಾಲಿಫೋರ್ನಿಯಾ 2014ರಲ್ಲಿ ತಂದ ಕಾನೂನು ಈ ಭಯಕ್ಕೆ ಮದ್ದು ಹುಡುಕಿತು. ಸಮ್ಮತಿ ಸ್ಪಷ್ಟವಾಗಿರಬೇಕು, ಮೈಮೇಲೆ ಎಚ್ಚರವಿಲ್ಲದವರ ಮೌನ ಸಮ್ಮತಿಯಲ್ಲ, ದೂರು ಕೊಟ್ಟವರನ್ನು ಕುಡಿತಕ್ಕಾಗಿ ಸಾಮಾನ್ಯವಾಗಿ ಶಿಕ್ಷಿಸಬಾರದು ಎಂದಿತು.

ಸ್ಟ್ಯಾನ್‌ಫರ್ಡ್ ಮಾಡಿದ್ದೇನು? 2016ರ ಆಗಸ್ಟ್‌ನಲ್ಲಿ ಪದವಿ ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ಕಟು ಮದ್ಯದ ದೊಡ್ಡ ಬಾಟಲಿಗಳನ್ನು ನಿಷೇಧಿಸಿತು. ಶಿಕ್ಷೆಗೆ ಮುನ್ನ ಟರ್ನರ್ ಕೂಡ ಕಾಲೇಜುಗಳ ಕುಡಿತದ ಸಂಸ್ಕೃತಿಯ ವಿರುದ್ಧ ಭಾಷಣ ಮಾಡುತ್ತೇನೆಂದು ಮುಂದೆ ಬಂದಿದ್ದ. ನಾನು ಹೋರಾಡುತ್ತಿರುವುದು ಕುಡಿತದ ವಿರುದ್ಧ ಎಂದುಕೊಂಡಿರಾ ಎಂದು ಮಿಲ್ಲರ್ ನ್ಯಾಯಾಲಯದಲ್ಲೇ ತಿರುಗಿ ಕೇಳಿದರು. ಆಕೆ ಎರಡು ಸೈಕಲ್‌ಗಳ ಚಿತ್ರ ಬರೆದು ಮಂಚದ ಮೇಲ್ಗಡೆ ಅಂಟಿಸಿಕೊಂಡಿದ್ದರು. ಈ ಕಥೆಯಲ್ಲಿ ತನ್ನನ್ನು ಕಾಯುವವರೂ ಇದ್ದಾರೆಂದು ನೆನಪಿಸಿಕೊಳ್ಳಲು.

ನಮ್ಮಲ್ಲೂ ತಕ್ಕಡಿ ಅದೇ. 2025ರಲ್ಲಿ ಅಲಹಾಬಾದ್ ಹೈಕೋರ್ಟ್, ದೆಹಲಿಯ ಬಾರ್‌ಗೆ ಗೆಳತಿಯರೊಂದಿಗೆ ಹೋಗಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ಅತ್ಯಾಚಾರದ ದೂರು ಕೊಟ್ಟ ಪ್ರಕರಣದಲ್ಲಿ ಆರೋಪಿಗೆ ಜಾಮೀನು ಕೊಡುತ್ತಾ, ಆಪತ್ತನ್ನು ಆಕೆಯೇ ಕರೆದುಕೊಂಡಳು ಎಂದಿತು. ಜಾಮೀನು ಕೊಡುವುದು ನ್ಯಾಯಾಲಯದ ವಿವೇಚನೆ. ಆದರೆ ಆ ಮಾತಿನ ಅಗತ್ಯವೇನಿತ್ತು? ಸುಪ್ರೀಂ ಕೋರ್ಟ್ ಕೂಡ ಆಕ್ಷೇಪಿಸಿತು. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಮಾತ್ರ ಕಟ್ಟುಪಾಡು ಹೇರಬಾರದೆಂದು ಯುಜಿಸಿಯ 2015ರ ನಿಯಮಾವಳಿ ಹೇಳುತ್ತದೆ. ಆದರೂ ಎಷ್ಟೋ ಕಡೆ ಸಂಜೆಯಾದೊಡನೆ ಬೀಗ ಬೀಳುವುದು ಹುಡುಗಿಯರ ಗೇಟಿಗೇ.

ಅಮಲಿನಿಂದಾಗಿ ಪರಿಣಾಮ ಅರಿಯಲಾಗದ ಹೆಣ್ಣಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್. ಕಾಲೇಜು ಶುರುವಾದ ಮೊದಲ ವಾರವೇ ವಾರ್ಡನ್ ಅದನ್ನು ಹುಡುಗರ ಹಾಸ್ಟೆಲಿನ ಊಟದ ಹಾಲಿನಲ್ಲಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಲಿ.