48 ಗಂಟೆಯಲ್ಲಿ ಒಂದು ಗೇಮ್: ಅಜೆಕಾರಿನಲ್ಲಿ ಕೂತು ತಯಾರಾಗುವುದು ಹೇಗೆ, ತಡೆಯುತ್ತಿರುವುದು ಏನು?

ಮನೆಯಲ್ಲಿ ಒಮ್ಮೆ ಹೇಳಿ ನೋಡಿ: "ಶನಿವಾರ, ಆದಿತ್ಯವಾರ ಗೇಮ್ ಸ್ಪರ್ಧೆ ಉಂಟು, ಎರಡು ದಿನ ನನ್ನನ್ನು ಕರೆಯಬೇಡಿ." ಮೊದಲ ಪ್ರಶ್ನೆ ಗ್ಯಾರಂಟಿ: "ದುಡ್ಡು ಹಾಕಿ ಆಡುವುದಾ?"

ಕೇಳಿದವರನ್ನು ಬೈಯುವ ಹಾಗಿಲ್ಲ. ನಮ್ಮ ಊರುಗಳ ಮೊಬೈಲ್‌ಗಳಿಗೆ "ಗೇಮಿಂಗ್" ಎಂಬ ಹೆಸರು ಹೊತ್ತು ಬಂದದ್ದು ಹೆಚ್ಚಾಗಿ ರಮ್ಮಿ ಮತ್ತು ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳೇ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಲು ನೋಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನನ್ನೇ ತಂದಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಡ್ರೀಮ್11, ಎಂಪಿಎಲ್‌ನಂಥ ಕಂಪನಿಗಳು ದುಡ್ಡಿನ ಆಟಗಳನ್ನು ನಿಲ್ಲಿಸಿದವು.

ಆದರೆ ಆ ಕಾನೂನಿನ ಹೆಸರಲ್ಲೇ ಎರಡು ಮಾತುಗಳಿವೆ: ಉತ್ತೇಜನ ಮತ್ತು ನಿಯಂತ್ರಣ. ಇ-ಸ್ಪೋರ್ಟ್ಸ್ ಹಾಗೂ ಹಣ ಕಟ್ಟದ ಸಾಮಾಜಿಕ ಆಟಗಳಿಗೆ ಉತ್ತೇಜನ ಕೊಡುತ್ತೇವೆ ಎನ್ನುತ್ತದೆ. ನಿಯಂತ್ರಣ ಮೂರು ದಿನದಲ್ಲಿ ಬಂತು, ಸರಿ. ಉತ್ತೇಜನ ಯಾರಿಗೆ, ಯಾವ ಊರಿನವರಿಗೆ, ಯಾವ ಭಾಷೆಯಲ್ಲಿ? ಈ ಪ್ರಶ್ನೆಯನ್ನು ಪರೀಕ್ಷಿಸಲು ಗೇಮ್ ಜಾಮ್‌ಗಿಂತ ಒಳ್ಳೆಯ ಒರೆಗಲ್ಲಿಲ್ಲ.

ಜಾಮ್ ಅಂದ್ರೆ ಎಂಥದು?

ನಿಗದಿತ ಸಮಯಕ್ಕೆ ಒಂದು ವಿಷಯ ಪ್ರಕಟವಾಗುತ್ತದೆ. ಸಾಮಾನ್ಯವಾಗಿ 48 ಗಂಟೆಯೊಳಗೆ ಆ ವಿಷಯದ ಮೇಲೆ ಆಡಬಲ್ಲ ಒಂದು ಗೇಮ್ ಮಾಡಿ ಸಲ್ಲಿಸಬೇಕು. ಲುಡುಮ್ ಡೇರ್ ಎಂಬ ಆನ್‌ಲೈನ್ ಸ್ಪರ್ಧೆ 2002ರಲ್ಲಿ ಶುರುವಾಯಿತು. 2009ರಲ್ಲಿ 23 ದೇಶಗಳಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜಾಮ್ ಹತ್ತೇ ವರ್ಷದಲ್ಲಿ ನೂರಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು. ಅದರ ವಿಷಯ 2023ರಲ್ಲಿ "ಬೇರುಗಳು", 2025ರಲ್ಲಿ "ಗುಳ್ಳೆ". ಬ್ರಿಟನ್ನಿನ ಯೂಟ್ಯೂಬರ್ ಮಾರ್ಕ್ ಬ್ರೌನ್ 2017ರಿಂದ ನಡೆಸುತ್ತಿರುವ ಜಿಎಂಟಿಕೆ ಜಾಮ್‌ಗೆ ಪ್ರತಿವರ್ಷ ಸಾವಿರಾರು ಗೇಮ್‌ಗಳು ಬರುತ್ತವೆ.

ಹೆಚ್ಚಿನ ಜಾಮ್‌ಗಳಲ್ಲಿ ದೊಡ್ಡ ಬಹುಮಾನವೇನೂ ಇರುವುದಿಲ್ಲ. ಸಿಗುವುದು ಬೇರೆ: ನಿಮ್ಮ ಹೆಸರಿನ ಒಂದು ಮುಗಿದ ಗೇಮ್. "ಸರ್ಜನ್ ಸಿಮ್ಯುಲೇಟರ್" ಹುಟ್ಟಿದ್ದು 2013ರ ಗ್ಲೋಬಲ್ ಗೇಮ್ ಜಾಮ್‌ನಲ್ಲಿ. "ಬಾಬಾ ಈಸ್ ಯು" ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ. 2018ರಲ್ಲಿ ಜಗತ್ತಿನ ಗಮನ ಸೆಳೆದ "ಸೆಲೆಸ್ಟ್" ಮೊದಲು ಇಬ್ಬರು ಸೇರಿ ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಆಟ. ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಅಂಕಪಟ್ಟಿಗಿಂತ ಮೊದಲು ಕೇಳುವುದು "ಏನು ಮಾಡಿದ್ದೀರಿ, ತೋರಿಸಿ" ಎಂದು. ಹಾಗಾಗಿ ಜಾಮ್ ಎನ್ನುವುದು ಬಾಗಿಲು. ಬಾಗಿಲ ಹತ್ತಿರ ಹೋಗಲು ಯಾರಿಗೆ ದಾರಿಯಿದೆ ಎನ್ನುವುದು ರಾಜಕೀಯ ಪ್ರಶ್ನೆ.

ಉಡುಪಿಗೆ ಗೇಮ್ ಹೊಸತಲ್ಲ

ಗೇಮ್ ಉದ್ಯಮ ಅಂದರೆ ಬೆಂಗಳೂರು ಎನ್ನುವವರಿಗೆ ಕರಾವಳಿಯ ಕತೆ ಗೊತ್ತಿರಲಿ. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಹುಟ್ಟುವ ಹೊತ್ತಿಗೆ ಉಡುಪಿಯಲ್ಲಿ ರೋಹಿತ್ ಭಟ್ ಅವರ ರೋಬೋಸಾಫ್ಟ್ ಆಗಲೇ ಕೆಲಸ ಶುರು ಮಾಡಿತ್ತು, 1996ರಲ್ಲಿ. ಅದರಿಂದಲೇ ಕವಲೊಡೆದ 99ಗೇಮ್ಸ್, "ಧೂಮ್ 3" ಸಿನಿಮಾದ ಗೇಮ್ ಮತ್ತು "ಸ್ಟಾರ್ ಶೆಫ್" ಅನ್ನು ಉಡುಪಿಯಿಂದಲೇ ಜಗತ್ತಿನ ಮೊಬೈಲ್‌ಗಳಿಗೆ ಕಳಿಸಿತು. ಮಣಿಪಾಲ, ನಿಟ್ಟೆ, ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜುಗಳು ಒಂದೆರಡು ಗಂಟೆಯ ಬಸ್ ದಾರಿಯಲ್ಲಿವೆ.

ಈಗ ಕಾರ್ಕಳದಿಂದ ಹೆಬ್ರಿ ಕಡೆ ಹೋಗುವ ದಾರಿಯಲ್ಲಿರುವ ಅಜೆಕಾರಿಗೆ ಬನ್ನಿ. ಅಡಿಕೆ ತೋಟ, ರಬ್ಬರ್, ಒಂದು ಪೇಟೆ. ಇಲ್ಲಿಂದ ದಿನಾ ಬಸ್ ಹತ್ತಿ ಡಿಗ್ರಿಗೆ ಹೋಗುವ ಒಬ್ಬ ಬಿಸಿಎ ವಿದ್ಯಾರ್ಥಿನಿ ಅಂದುಕೊಳ್ಳಿ. ಅವಳಿಗೂ ಮಣಿಪಾಲದ ಹಾಸ್ಟೆಲ್‌ನಲ್ಲಿರುವವನಿಗೂ ಸ್ಪರ್ಧೆಯ ನಿಯಮ ಒಂದೇ, ಗಡಿಯಾರ ಒಂದೇ. ಆದರೆ ಅವಳ ಮನೆಯಲ್ಲಿ ಲ್ಯಾಪ್‌ಟಾಪ್ ಇದೆಯಾ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಲ್ಲಿ ಮಾತ್ರ, ನಗರಗಳಲ್ಲಿ ಶೇ. 23.4. ಆಮೇಲೆ ಮೊಬೈಲ್ ಎಲ್ಲರ ಕೈಗೆ ಬಂತು, ನಿಜ. ಮೊಬೈಲ್‌ನಲ್ಲಿ ಗೇಮ್ ಆಡಬಹುದು, ಮಾಡುವುದು ಕಷ್ಟ. ಆಡುವವರನ್ನು ಹಳ್ಳಿಯಲ್ಲೂ, ಮಾಡುವವರನ್ನು ಪಟ್ಟಣದಲ್ಲೂ ಇಡುವ ಗೆರೆ ಇದೇ.

ನೀತಿಗಳಿಗೆ ಕೊರತೆಯಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯ ನಮ್ಮದು, 2012ರಲ್ಲಿ. ಈಗ ಜಾರಿಯಲ್ಲಿರುವುದು 2024-29ರ ನೀತಿ: 30,000 ಹೊಸ ಉದ್ಯೋಗ, ಆದಾಯದಲ್ಲಿ ಕನಿಷ್ಠ ಶೇ. 80 ರಫ್ತಿನಿಂದ ಬರಬೇಕು ಎಂಬ ಗುರಿ. ರಫ್ತು ಬೇಡ ಎಂದಲ್ಲ. ಆದರೆ ಗುರಿಯೇ ಹಾಗಿದ್ದರೆ ಕನ್ನಡದಲ್ಲಿ ಆಡುವ ಮಗುವಿಗೆ ಗೇಮ್ ಮಾಡುವ ಕೆಲಸ ಯಾರ ಪಾಲಿಗೆ? "ಬಿಯಾಂಡ್ ಬೆಂಗಳೂರು" ಎಂಬ ಘೋಷಣೆ ಮಂಗಳೂರಿಗೆ ಬಂದು ನಿಂತರೆ ಸಾಕೇ?

ತಯಾರಿ: ಮೊದಲು ಏನು ಮಾಡಬೇಕು

ನೀತಿ ಬದಲಾಗುವವರೆಗೆ ಕಾಯಬೇಕಿಲ್ಲ. ಇರುವುದರಲ್ಲೇ ತಯಾರಾಗುವ ಬಗೆ ಉಂಟು.

ಮೊದಲನೆಯದು, ನಿಯಮ ಓದುವುದು. ಎಲ್ಲ ಜಾಮ್ ಒಂದೇ ಅಲ್ಲ. ಲುಡುಮ್ ಡೇರ್‌ನ "ಕಾಂಪೊ" ವಿಭಾಗದಲ್ಲಿ ಒಬ್ಬರೇ ಇರಬೇಕು, ಚಿತ್ರ-ಸದ್ದು-ಕೋಡ್ ಎಲ್ಲವೂ ಆ 48 ಗಂಟೆಯಲ್ಲೇ ಆಗಬೇಕು. ಅದರದ್ದೇ "ಜಾಮ್" ವಿಭಾಗದಲ್ಲಿ ತಂಡಕ್ಕೆ ಅವಕಾಶವಿದೆ, ಸಮಯ 72 ಗಂಟೆ. ಕೆಲವು ಕಡೆ ಎಐ ಚಿತ್ರಗಳಿಗೆ ನಿಷೇಧವಿದೆ. ಆರಂಭದ ಸಮಯ ಯಾವ ದೇಶದ ಗಡಿಯಾರದ್ದು ಎಂದು ನೋಡಿ ನಮ್ಮ ಸಮಯಕ್ಕೆ ಬದಲಿಸಿ ಗೋಡೆಗೆ ಬರೆದಿಡಿ.

ಎರಡನೆಯದು, ಸಾಧನ. ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಗೋಡೋ ಎಂಜಿನ್ ಒಳ್ಳೆಯದು. ಅರ್ಜೆಂಟೀನಾದ ಇಬ್ಬರು ಶುರು ಮಾಡಿ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟದ್ದು. ದುಡ್ಡಿಲ್ಲ, ಲಾಗಿನ್ ಇಲ್ಲ, ನೆಟ್ ಇಲ್ಲದೆಯೂ ಓಡುತ್ತದೆ. 2023ರಲ್ಲಿ ಯೂನಿಟಿ ಕಂಪನಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕಲು ಹೊರಟು, ಸಿಟ್ಟೆದ್ದ ಮೇಲೆ 2024ರಲ್ಲಿ ಕೈಬಿಟ್ಟದ್ದು ನೆನಪಿರಲಿ. ಯಾರದೋ ಜಾಗದಲ್ಲಿ ಮನೆ ಕಟ್ಟಿದರೆ ಆಗುವ ಫಜೀತಿ ಅದು. ಗೋಡೋದ ಜೊತೆ ಅದರ ಎಕ್ಸ್‌ಪೋರ್ಟ್ ಟೆಂಪ್ಲೇಟ್‌ಗಳನ್ನೂ ಹಿಂದಿನ ವಾರವೇ ಇಳಿಸಿಕೊಳ್ಳಿ. ಅದು ದೊಡ್ಡ ಫೈಲ್, ಕೊನೆಯ ಗಂಟೆಯಲ್ಲಿ ಇಳಿಯುವುದಿಲ್ಲ. ಬ್ರೌಸರ್‌ನಲ್ಲಿ ಆಡುವಂತೆ ಮಾಡುವುದಾದರೆ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಿರಿ. ಗೋಡೋ 4ರಲ್ಲಿ ಸಿ ಶಾರ್ಪ್ ಬಳಸಿದರೆ ವೆಬ್‌ಗೆ ಹೋಗುವುದಿಲ್ಲ. ಡೌನ್‌ಲೋಡ್ ಮಾಡಬೇಕಾದ ಗೇಮನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಕೆನ್ನಿ ತಾಣದ ಹಕ್ಕುಮುಕ್ತ ಚಿತ್ರಗಳನ್ನೂ ಮೊದಲೇ ತಂದಿಟ್ಟುಕೊಳ್ಳಬಹುದು, ನಿಯಮ ಒಪ್ಪಿದರೆ.

ಮೂರನೆಯದು, ಕರೆಂಟು. 2025ರ ಜಿಎಂಟಿಕೆ ಜಾಮ್ ನಡೆದದ್ದು ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳಲ್ಲಿ. ನಮ್ಮಲ್ಲಿ ಅದು ಆಟಿ. ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬರುವವರೆಗೆ ಕಾಯಬೇಕು. ಹಾಗಾಗಿ ನಿಮ್ಮ ವೇಳಾಪಟ್ಟಿಯಲ್ಲಿ ಕರೆಂಟಿಲ್ಲದ ಗಂಟೆಗಳನ್ನು ಮೊದಲೇ ಕಳೆಯಿರಿ. ನಿಯಮ, ಹಂತ, ಚಿತ್ರ ಎಲ್ಲವನ್ನೂ ಕಾಗದದ ಮೇಲೆ ಮಾಡಲು ಕರೆಂಟು ಬೇಕಿಲ್ಲ. ಗಂಟೆಗೊಮ್ಮೆ ಪೆನ್‌ಡ್ರೈವ್‌ಗೆ ಪ್ರತಿ. ಅಪ್‌ಲೋಡ್‌ಗೆ ಕೊನೆಯ ಮೂರು ಗಂಟೆ ಮೀಸಲು. ಸಿಗ್ನಲ್ ಸಿಗುವ ಗುಡ್ಡ ಯಾವುದೆಂದು ಮೊದಲೇ ಗೊತ್ತಿರಲಿ.

ನಾಲ್ಕನೆಯದು, ಕನ್ನಡ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಯೂನಿಟಿಯ ಮಾಮೂಲಿ ಟೆಕ್ಸ್ಟ್ ವ್ಯವಸ್ಥೆ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. "ಅಕ್ಕ" ಎಂದು ಬರೆದರೆ ಅಕ್ಷರಗಳು ಚದುರಿ ಬೀಳುತ್ತವೆ. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4ರಲ್ಲಿ ಈ ಜೋಡಣೆ ಸರಿಯಾಗಿದೆ. ನುಡಿ, ಬರಹದ ಹಳೆಯ ಎನ್‌ಕೋಡಿಂಗ್ ಬಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿ, ಜಾಮ್‌ಗೆ ಮೊದಲೇ ಒಂದು ಸಾಲು ತೆರೆಯ ಮೇಲೆ ಬರುತ್ತದೆಯೇ ನೋಡಿ. ತುಳುವಿನಲ್ಲಿ ಮಾಡುವವರಿಗೂ ಕನ್ನಡ ಲಿಪಿಯ ಈ ದಾರಿ ಸಾಕು. ಒಂದು ಭಾಷೆಯ ಅಕ್ಷರ ತೆರೆಯ ಮೇಲೆ ಮೂಡದಂತೆ ಇರುವ ಸಾಧನವನ್ನೇ ಕಾಲೇಜುಗಳು ಕಲಿಸುತ್ತಿದ್ದರೆ, ಕನ್ನಡದಲ್ಲಿ ಗೇಮ್ ಯಾಕಿಲ್ಲ ಎಂದು ಆಮೇಲೆ ಕೇಳಿ ಪ್ರಯೋಜನವಿಲ್ಲ.

ಚೆನ್ನೆಮಣೆ ಕಲಿಸುವ ಪಾಠ

ಜಾಮ್‌ನಲ್ಲಿ ಸೋಲುವವರು ಹೆಚ್ಚಾಗಿ ಕೋಡ್ ಬಾರದೆ ಸೋಲುವುದಿಲ್ಲ, ಆಸೆ ಜಾಸ್ತಿಯಾಗಿ ಸೋಲುತ್ತಾರೆ. ಮೂರು ಲೋಕ, ಹತ್ತು ಪಾತ್ರ, ಕೊನೆಗೆ ಆದಿತ್ಯವಾರ ರಾತ್ರಿ ಅರ್ಧ ಗೋಡೆ.

ಅಟ್ಟದಲ್ಲಿರುವ ಚೆನ್ನೆಮಣೆ ಇಳಿಸಿ ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ನಿಯಮ ಹೇಳಲು ಎರಡು ನಿಮಿಷ ಸಾಕು. ಆದರೂ ತಲೆಮಾರುಗಳ ಆಟಿ ಮಳೆಯನ್ನು ಅದು ಕಳೆಸಿದೆ. ಜಾಮ್‌ಗೆ ಬೇಕಾದದ್ದು ಇಂಥ ಅಳತೆ: ಒಂದು ಕ್ರಿಯೆ, ಒಂದು ಇಕ್ಕಟ್ಟು.

ಉದಾಹರಣೆಗೆ 2025ರ ಜಿಎಂಟಿಕೆಯ ವಿಷಯ "ಲೂಪ್" ತೆಗೆದುಕೊಳ್ಳಿ. ಅಡಿಕೆ ಬೆಳೆಯುವ ಮನೆಯವರಿಗೆ ಆ ಸುತ್ತು ಗೊತ್ತೇ ಇದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲದ ಮೊದಲು ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ. ಆದರೆ ಮಳೆ ಬಿಡುವು ಕೊಡಬೇಕು, ಮರ ಹತ್ತುವವರೂ ಸಿಗಬೇಕು. ಈಗ ಗೇಮ್ ನೋಡಿ: ಮೋಡ ಸರಿದಿದೆ, ಮುಂದಿನ ಮಳೆ ಯಾವಾಗ ಗೊತ್ತಿಲ್ಲ, ಎಷ್ಟು ಮರಕ್ಕೆ ಸಿಂಪಡಿಸುತ್ತೀರಿ? ಬೇಗ ಇಳಿದರೆ ಗೊನೆ ಕೊಳೆಯುತ್ತದೆ. ಆಸೆಪಟ್ಟರೆ ಸಿಂಪಡಿಸಿದ್ದೂ ತೊಳೆದು ಹೋಗುತ್ತದೆ, ಮರದ ಮೇಲಿದ್ದವನಿಗೆ ಜಾರುವ ಅಪಾಯ. ಒಂದೇ ಬಟನ್, ಒಂದೇ ತೋಟ. 48 ಗಂಟೆಯಲ್ಲಿ ಮುಗಿಯುತ್ತದೆ. ಜೊತೆಗೆ ಕೃಷಿ ಕೂಲಿಯವನ ಜೀವದ ಬೆಲೆ ಎಷ್ಟು ಎಂಬ ಪ್ರಶ್ನೆಯನ್ನು ಭಾಷಣವಿಲ್ಲದೆ ಆಟಗಾರನ ಕೈಗೆ ಕೊಡುತ್ತದೆ.

ಇನ್ನೊಂದು ಸೆಳೆತದ ಬಗ್ಗೆ ಎಚ್ಚರ ಬೇಕು. "ಕಾಂತಾರ" ಬಂದ ಮೇಲೆ ದೈವವನ್ನೇ ಗೇಮಿನ ಪಾತ್ರ ಮಾಡೋಣ ಎನ್ನಿಸುವುದು ಸಹಜ. ಥಿಯೇಟರುಗಳಲ್ಲಿ ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಅಲ್ಲಿ ನಂಬಿಕೆಯ ಜೊತೆ ಕೋಲ ಕಟ್ಟುವ ಸಮುದಾಯಗಳ ಬದುಕು, ಅವರ ಹಕ್ಕು ಇದೆ. ಎರಡು ದಿನದಲ್ಲಿ ಅವರನ್ನು ಕೇಳಿ ಮಾಡಲು ಸಾಧ್ಯವಿಲ್ಲದಿದ್ದರೆ ಬಿಟ್ಟುಬಿಡುವುದೇ ಸರಿ.

ನಿದ್ದೆಗೆಟ್ಟರೆ ಕ್ರಾಂತಿಯಲ್ಲ

ಜಾಮ್ ಸಂಸ್ಕೃತಿಯಲ್ಲಿ ಒಂದು ರೋಗವೂ ಉಂಟು: ಎರಡು ರಾತ್ರಿ ಎಚ್ಚರವಿದ್ದದ್ದನ್ನು ಪದಕದ ಹಾಗೆ ತೋರಿಸುವುದು. ಗೇಮ್ ಕಂಪನಿಗಳಲ್ಲಿ ಹೆಚ್ಚುವರಿ ಸಂಬಳವಿಲ್ಲದ ಹಗಲಿರುಳ ದುಡಿಮೆಗೆ "ಕ್ರಂಚ್" ಎನ್ನುತ್ತಾರೆ. ಜಾಮ್ ಅದರ ತರಬೇತಿ ಆಗಬಾರದು. ಎರಡು ರಾತ್ರಿಯೂ ಆರು ಗಂಟೆ ಮಲಗಿ. ಮಲಗಿದವರ ಕೋಡ್‌ನಲ್ಲಿ ತಪ್ಪು ಕಡಿಮೆ. ಕಂಪನಿ ಪ್ರಾಯೋಜಿತ ಸ್ಪರ್ಧೆಯಾದರೆ, ಗೆದ್ದ ಗೇಮಿನ ಹಕ್ಕು ಯಾರದ್ದು ಎಂಬ ಸಾಲನ್ನು ಹುಡುಕಿ ಓದಿ. ಹಕ್ಕು ಬರೆದು ಕೊಡಬೇಕಾದರೆ ಅದು ಸ್ಪರ್ಧೆಯಲ್ಲ, ಬಿಟ್ಟಿ ಕೆಲಸ.

ಕೇಳಬೇಕಾದದ್ದು

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಸರ್ಕಾರ "ಅರಿವು ಕೇಂದ್ರ" ಎಂದು ಹೆಸರಿಟ್ಟು ಕಂಪ್ಯೂಟರ್ ಕೊಡುವ ಕೆಲಸ ನಡೆಸಿದೆ. ವರ್ಷಕ್ಕೆ ಎರಡು ವಾರಾಂತ್ಯ ಆ ಬಾಗಿಲು ಹಗಲು ರಾತ್ರಿ ತೆರೆದಿರಲಿ, ಒಂದು ಇನ್ವರ್ಟರ್ ಇರಲಿ. ಹೆಣ್ಣುಮಕ್ಕಳು ರಾತ್ರಿ ಮನೆಗೆ ತಲುಪುವ ವ್ಯವಸ್ಥೆ ಇರಲಿ, ಇಲ್ಲವೇ ಸಂಜೆ ಮುಗಿಸಿ ಮನೆಯಿಂದ ಮುಂದುವರಿಸುವ ಅವಕಾಶವಿರಲಿ. ಗ್ಲೋಬಲ್ ಗೇಮ್ ಜಾಮ್‌ಗೆ ಸ್ಥಳ ನೋಂದಾಯಿಸಲು ದೊಡ್ಡ ಕ್ಯಾಂಪಸ್ಸೇ ಬೇಕೆಂದಿಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಅರ್ಜಿಯಲ್ಲಿ ಬರೆದು ಕೊಡಬಹುದು. ಕೊಟ್ಟ ಮೇಲೆ ನಡಾವಳಿಯಲ್ಲಿ ಬಂದಿದೆಯೇ ನೋಡಬಹುದು.

ರಾಜ್ಯದ ಮಟ್ಟದಲ್ಲಿ ಕೇಳಬೇಕಾದದ್ದು ಇನ್ನೂ ಸರಳ: ರಫ್ತಿಗೆ ಶೇಕಡಾವಾರು ಗುರಿ ಬರೆದವರು ಕನ್ನಡದ ಗೇಮ್‌ಗಳಿಗೂ ಒಂದು ಅಂಕಿ ಬರೆಯಲಿ. ಅಂಕಿ ಇದ್ದರೆ ವರ್ಷ ಕಳೆದ ಮೇಲೆ ಲೆಕ್ಕ ಕೇಳಬಹುದು.

ಅಲ್ಲಿಯವರೆಗೆ, ಮುಂದಿನ ಜಾಮ್‌ಗೆ ದಿನ ಗೊತ್ತಾಗಿದ್ದರೆ, ಈ ವಾರವೇ ಗೋಡೋ ಇಳಿಸಿಕೊಳ್ಳಿ. ನಿಮ್ಮ ಮೊದಲ ಗೇಮ್ ಕೆಟ್ಟದ್ದೇ ಆಗುತ್ತದೆ, ಪರವಾಗಿಲ್ಲ. ಮುಗಿದಿರಲಿ, ಕನ್ನಡದಲ್ಲಿರಲಿ. ಮುಗಿದ ಮೇಲೆ ಮನೆಯವರ ಕೈಗೆ ಕೊಟ್ಟು ಆಡಿಸಿ. "ದುಡ್ಡು ಹಾಕಿ ಆಡುವುದಾ?" ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.