ಹೊರಟುಹೋದ ದಿನ ಯಾವುದು?

ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ನಮ್ಮ ವಾಚಕರೊಬ್ಬರು ಬರೆದ ಪತ್ರವೊಂದು ಈ ವಾರ ನಮ್ಮ ಕೈ ಸೇರಿದೆ. ಅದು ಸಂಬಳದ ವಿಷಯವಲ್ಲ, ಖೋಲಿಯ ಬಾಡಿಗೆಯ ವಿಷಯವೂ ಅಲ್ಲ. ಹೋಟೆಲಿನ ಹಿಂದುಗಡೆ, ಪಾತ್ರೆ ತೊಳೆದ ನೀರು ಹರಿದುಹೋಗುವ ಓಣಿಗೆ, ಪ್ರತಿ ವರ್ಷವೂ ಒಂದು ಹಕ್ಕಿ ಬರುತ್ತದೆಯಂತೆ. ಬೆನ್ನು ಬೂದಿಯ ಬಣ್ಣ, ಬಾಲದ ಬುಡ ಹಳದಿ. ನೆಲದ ಮೇಲೆ ಓಡಾಡುತ್ತ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಲೇ ಇರುತ್ತದೆಯಂತೆ. “ಗಣಪತಿ ವಿಸರ್ಜನೆಯಾದ ಮಾರನೆಯ ದಿನ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಶಿವರಾತ್ರಿಯ ತನಕ ಇದ್ದದ್ದೂ ನೆನಪಿದೆ. ಈಗ ಕಾಣುವುದಿಲ್ಲ. ಯಾವ ದಿನ ಹೋಯಿತೆಂಬುದು ನನಗಾಗಲಿ, ನಮ್ಮ ಮಾಣಿಗಳಿಗಾಗಲಿ ತಿಳಿಯದು. ತಾವು ತಿಳಿಸಬಲ್ಲಿರಾ?” ಎಂದು ಅವರು ಕೇಳಿದ್ದಾರೆ.

ನಾವು ತಿಳಿಸಲಾರೆವು. ನಿಜ ಹೇಳುವುದಾದರೆ, ಈ ಮಹಾನಗರದಲ್ಲಿ ಯಾರೂ ತಿಳಿಸಲಾರರು. ಆ ಓಣಿಯನ್ನು ದಿನಂಪ್ರತಿ ನೋಡುವವರು ಪತ್ರ ಬರೆದ ಮಹನೀಯರೂ ಅವರ ಜೊತೆಗಾರರೂ ಮಾತ್ರ. ಅವರಿಗೇ ತಿಳಿಯದೆ ಹೋದದ್ದು ಇನ್ನಾರಿಗೆ ತಿಳಿದೀತು? ಆದರೂ ಈ ಪ್ರಶ್ನೆಯನ್ನು ಇಂದಿನ ಅಗ್ರಲೇಖನದ ವಿಷಯವನ್ನಾಗಿ ಎತ್ತಿಕೊಂಡಿರುವುದಕ್ಕೆ ಕಾರಣವುಂಟು.

ಪತ್ರದಲ್ಲಿರುವ ವರ್ಣನೆಯಿಂದ ಅದು ಬೂದು ಸಿಪಿಲೆಯೆಂದು ಹೇಳಬಹುದು. ನಮ್ಮ ಊರ ಕಡೆ ಸಿಪಿಲೆಗಳಿಗೆ ಕುಂಡೆಕುಸ್ಕ ಎಂಬ ಹೆಸರುಂಟು. ಅಗ್ರಲೇಖನದಲ್ಲಿ ಅಚ್ಚು ಹಾಕಲು ತುಸು ಸಂಕೋಚವಾದರೂ, ಹಕ್ಕಿಯನ್ನು ಒಮ್ಮೆ ನೋಡಿದವರು ಅದಕ್ಕಿಂತ ಸರಿಯಾದ ಹೆಸರನ್ನು ಇಡಲಾರರು. ಬೇಸಿಗೆಯಲ್ಲಿ ಹಿಮಾಲಯದ ತೊರೆಗಳ ಅಂಚಿನಲ್ಲಿ, ಅದಕ್ಕೂ ಉತ್ತರದ ನಾಡುಗಳಲ್ಲಿ, ಗೂಡು ಕಟ್ಟಿ ಮರಿ ಮಾಡುವ ಈ ಹಕ್ಕಿ ಮಳೆಗಾಲದ ಕೊನೆಗೆ ದಕ್ಷಿಣಕ್ಕೆ ಇಳಿದು, ಹರಿಯುವ ನೀರು ಎಲ್ಲಿದೆಯೋ ಅಲ್ಲಿ ಚಳಿಗಾಲವನ್ನು ಕಳೆಯುತ್ತದೆ. ಅದರ ಲೆಕ್ಕದಲ್ಲಿ ಹಿಮಾಲಯದ ತೊರೆಗೂ ಮಾಟುಂಗಾದ ಓಣಿಗೂ ಅಷ್ಟೇನೂ ಭೇದವಿಲ್ಲವೆಂದು ಕಾಣುತ್ತದೆ. ಒದ್ದೆ ನೆಲ, ಸಣ್ಣ ಹುಳು, ಓಡಾಡಲು ನಾಲ್ಕು ಮಾರು ಜಾಗ ಸಾಕು.

ಬಂದ ದಿನವನ್ನು ಗುರುತಿಸುವುದು ಸುಲಭ. ನಿನ್ನೆ ಇಲ್ಲದ್ದು ಇಂದು ಇದ್ದರೆ ಕಣ್ಣು ತಾನಾಗಿಯೇ ಅತ್ತ ಹೊರಳುತ್ತದೆ. ಹೋದ ದಿನ ಹಾಗಲ್ಲ. ಕೊನೆಯ ಸಲ ನೋಡುವಾಗ ಅದೇ ಕೊನೆಯ ಸಲವೆಂಬುದು ನೋಡುವವನಿಗೆ ಗೊತ್ತಿರುವುದಿಲ್ಲ. ಒಂದು ದಿನ ಕಾಣದಿದ್ದರೆ ಪಕ್ಕದ ಓಣಿಗೆ ಹೋಗಿರಬಹುದು ಎನ್ನುತ್ತೇವೆ; ಎರಡು ದಿನ ಕೆಲಸದ ಗದ್ದಲದಲ್ಲಿ ನೋಡುವುದನ್ನೇ ಮರೆಯುತ್ತೇವೆ; ವಾರ ಕಳೆದ ಮೇಲೆ “ಅರೆ, ಆ ಹಕ್ಕಿ ಎಲ್ಲಿ?” ಎಂದು ಕೇಳುತ್ತೇವೆ. ಅಷ್ಟರಲ್ಲಿ ತಾರೀಖು ಕೈಬಿಟ್ಟುಹೋಗಿರುತ್ತದೆ. ಹೋದ ದಿನವನ್ನು ಹಿಡಿಯಬೇಕಾದರೆ ಇದ್ದ ದಿನಗಳನ್ನೆಲ್ಲ ಬರೆದಿಡಬೇಕು, ಬೇರೆ ಉಪಾಯವಿಲ್ಲ. ಗುಮಾಸ್ತ ವೃತ್ತಿಯ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ. ಕಿರ್ದಿಯನ್ನು ಅಂದಂದೇ ಬರೆಯದೆ ವರ್ಷಾಂತ್ಯದಲ್ಲಿ ನೆನಪಿನಿಂದ ತುಂಬಿಸಿದವನ ಶಿಲ್ಕು ಎಂದೂ ತಾಳೆಯಾಗುವುದಿಲ್ಲ.

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿರುವ ಈ ದಿನಗಳಲ್ಲಿ ನಮ್ಮವರು ನೆಲೆಸಿರುವ ಊರೂರುಗಳಲ್ಲಿಯೂ ಇಂಥ ನಿರ್ಗಮನ ಸದ್ದಿಲ್ಲದೆ ನಡೆಯುತ್ತಿದೆ. ಮುಂಬಯಿಯ ಸಮುದ್ರ ತೀರದಲ್ಲಿ ಚಳಿಗಾಲವೆಲ್ಲ ಹಾರಾಡಿದ ಕಡಲಕ್ಕಿಗಳನ್ನು ಈಗ ಸ್ವಲ್ಪ ಲಕ್ಷ್ಯಕೊಟ್ಟು ನೋಡಬೇಕು. ನವೆಂಬರಿನಲ್ಲಿ ಅವುಗಳ ತಲೆ ಬಿಳಿಯಾಗಿದ್ದು, ಕಿವಿಯ ಹತ್ತಿರ ಮಾತ್ರ ಒಂದು ಕಪ್ಪು ಚುಕ್ಕೆಯಿತ್ತು. ಈಗ ತಲೆಗೆ ಬಣ್ಣವೇರುತ್ತಿದೆ. ಕೆಲವಕ್ಕೆ ಅರ್ಧ ಏರಿದೆ, ಕೆಲವಕ್ಕೆ ಟೊಪ್ಪಿಗೆ ಹಾಕಿದಂತೆ ಪೂರ್ಣವಾಗಿ ಕಂದಾಗಿದೆ. ಟೊಪ್ಪಿಗೆ ಪೂರ್ಣವಾಯಿತೆಂದರೆ ಪ್ರಯಾಣದ ಕಾಲ ಸಮೀಪಿಸಿತೆಂದೇ ತಿಳಿಯತಕ್ಕದ್ದು. ಇವುಗಳಲ್ಲಿ ಕಂದುತಲೆಯ ಕಡಲಕ್ಕಿಗಳು ಲಡಾಖ್, ಟಿಬೆಟ್ ಮೊದಲಾದ ಎತ್ತರದ ಸರೋವರಗಳಿಗೆ ಮರಳುತ್ತವೆ. ದಿಲ್ಲಿಯ ಯಮುನೆಯ ಘಾಟುಗಳಲ್ಲಿ ದೋಣಿಯವರ ಸುತ್ತ ಮುತ್ತಿಕೊಳ್ಳುವ ಕಡಲಕ್ಕಿಗಳೂ ಇದೇ ಸುಮಾರಿಗೆ ಹೊರಡುತ್ತವೆ. ಈ ಹಕ್ಕಿಗಳಿಗೆ ಸೇವು, ಗಾಠಿಯಾಗಳನ್ನು ಎರಚುವುದು ಎರಡು ಊರುಗಳಲ್ಲಿಯೂ ವಿನೋದವಾಗಿಬಿಟ್ಟಿದೆ. ಕರಿದ ಉಪ್ಪಿನ ತಿಂಡಿ ಮೀನು ತಿನ್ನುವ ಹಕ್ಕಿಗೆ ಹಿತವಲ್ಲವೆಂಬುದನ್ನು ತಿಂಡಿ ಕರಿಯುವ ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು!

ಬೂರುಗ, ಹಾಲುವಾಣ, ಮುತ್ತುಗಗಳು ಎಲೆಯುದುರಿಸಿ ಕೆಂಪಾಗಿ ನಿಂತಿರುವಲ್ಲೆಲ್ಲ ಗುಲಾಬಿ ಕಬ್ಬಕ್ಕಿಗಳ ಗಲಾಟೆ ಕೇಳಿಸುತ್ತದೆ. ಮರಾಠಿ ಜನ ಇದನ್ನು ಭೋರಡಿ ಎನ್ನುತ್ತಾರೆ. ಜೋಳದ ಹೊಲಕ್ಕೆ ಇಳಿದು ತೆನೆ ತಿನ್ನುವುದರಿಂದ ಉತ್ತರ ಕರ್ನಾಟಕದ ರೈತರಿಗೂ ಇದು ಹಳೆಯ ಪರಿಚಯದ ತಂಟೆಕೋರ. ಅದೇ ಹಕ್ಕಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವಾಗ ಮಿಡತೆಗಳನ್ನು ತಿಂದು ಆ ನಾಡಿನ ರೈತರಿಗೆ ಉಪಕಾರಿಯೆನಿಸುತ್ತದೆ. ಚಳಿಗಾಲದಲ್ಲಿ ಮಾಸಿದಂತಿದ್ದ ಇವುಗಳ ಗುಲಾಬಿ ಬಣ್ಣ ಈ ತಿಂಗಳಲ್ಲಿ ಹೊಳಪೇರುತ್ತದೆ. ಏಪ್ರಿಲ್ ಕಳೆಯುವುದರೊಳಗೆ ಒಂದೂ ಉಳಿಯುವುದಿಲ್ಲ. ಪುಣೆಯ ವಾಚಕರು ರಜೆಯ ದಿನ ಭಿಗವಣಕ್ಕೆ ಹೋದರೆ ಉಜನಿ ಜಲಾಶಯದ ಹಿನ್ನೀರಿನಲ್ಲಿ ಹೊರಡುವ ಸಿದ್ಧತೆಯಲ್ಲಿರುವ ಬಾತುಗಳನ್ನು ನೋಡಬಹುದು. ಅಲ್ಲಿ ಕಟ್ಟಿ ನಿಲ್ಲಿಸಿದ ಭೀಮೆಯೇ ಮುಂದೆ ನಮ್ಮ ಕಲಬುರಗಿ ಜಿಲ್ಲೆಗೆ ಹರಿದುಬರುವವಳು. ಹೈದರಾಬಾದಿನವರಿಗೆ ಅಮೀನ್‌ಪುರ ಕೆರೆಯುಂಟು, ಚೆನ್ನೈಯವರಿಗೆ ಪಳ್ಳಿಕರಣೆಯ ಜವುಗುಭೂಮಿಯುಂಟು.

ಇವುಗಳನ್ನು ಹೊರಡಿಸುವುದು ಬಿಸಿಲಿನ ಬೇಗೆ ಎಂಬುದು ಸಾಮಾನ್ಯ ನಂಬಿಕೆ. ಮುಖ್ಯವಾದ ಸೂಚನೆ ಬರುವುದು ಹಗಲಿನ ಉದ್ದದಿಂದ. ದಿನದ ಬೆಳಕು ಹಿಗ್ಗುತ್ತ ಹೋದಂತೆ ಹಕ್ಕಿಯ ದೇಹದಲ್ಲಿ ರಸಗಳ ವ್ಯತ್ಯಾಸವಾಗುತ್ತದೆ, ಹಸಿವು ಇಮ್ಮಡಿಸುತ್ತದೆ, ತಿಂದದ್ದು ಕೊಬ್ಬಾಗಿ ಚರ್ಮದ ಕೆಳಗೆ ಕೂಡಿಕೊಳ್ಳುತ್ತದೆ. ಆ ಕೊಬ್ಬೇ ದಾರಿಯ ಬುತ್ತಿ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿಯಲ್ಲಿಯೇ ಪ್ರಯಾಣ ಬೆಳೆಸುತ್ತವೆ. ಸಂಜೆ ಕಂಡ ಅಂಥ ಹಕ್ಕಿ ಬೆಳಗ್ಗೆ ಇಲ್ಲದಿರುವುದೂ, ಹೋಗುವುದನ್ನು ಯಾರೂ ಕಾಣದಿರುವುದೂ ಇದರಿಂದಲೇ.

ಊರು ಬಿಟ್ಟು ಬಂದ ನಮಗೂ ಈ ಹಕ್ಕಿಗಳಿಗೂ ಹೋಲಿಕೆ ಕಟ್ಟುವುದು ಭಾಷಣಕಾರರ ಅಭ್ಯಾಸ. ಆ ಹೋಲಿಕೆ ಅಷ್ಟಾಗಿ ಒಪ್ಪುವುದಿಲ್ಲ. ಹಕ್ಕಿಗೆ ರಜೆಯ ಅರ್ಜಿ ಕೊಡಬೇಕಾಗಿಲ್ಲ, ಊರಿಗೆ ಹೋಗಲು ಗಾಡಿಯಲ್ಲಿ ಜಾಗ ಕಾದಿರಿಸಬೇಕಾಗಿಲ್ಲ.

ಆದರೆ ಊರಿನ ಪ್ರಸ್ತಾಪ ಬಂದದ್ದರಿಂದ ಗದಗ ಜಿಲ್ಲೆಯ ಮಾಗಡಿ ಕೆರೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಇರುಳಾದ ಮೇಲೆ ಸುತ್ತಣ ಹೊಲಗಳಲ್ಲಿ ಮೇವು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು. ಮಾರ್ಚಿಯಲ್ಲಿ ಕೆರೆ ಬರಿದಾಗುತ್ತ ಬರುತ್ತದೆ, ನೀರಿನಿಂದಲ್ಲ, ಹಕ್ಕಿಗಳಿಂದ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿರುವುದುಂಟು. ದಡದಲ್ಲಿ ನಿಂತವರು ಪಟ್ಟಿಯ ಮೇಲಿನ ಅಕ್ಷರಗಳನ್ನು ಓದಿ ಬರೆದುಕೊಂಡದ್ದರಿಂದಲೇ ಅವು ಎಲ್ಲಿಯವೆಂಬುದು ತಿಳಿಯಿತು. ಈ ಹಕ್ಕಿ ಹಿಮಾಲಯವನ್ನು ದಾಟುವ ಬಗೆಯೂ ವಿಚಾರಾರ್ಹವಾದುದು. ಒಮ್ಮೆಗೇ ಮೇಲೇರಿ ಆ ಎತ್ತರದಲ್ಲಿಯೇ ಹಾರುವುದರ ಬದಲು, ಕಣಿವೆ ಬಂದಲ್ಲಿ ಕೆಳಗಿಳಿದು, ಬೆಟ್ಟ ಬಂದಲ್ಲಿ ಮತ್ತೆ ಏರಿ, ನೆಲದ ಏರಿಳಿತವನ್ನೇ ಅನುಸರಿಸಿ ಹೋಗುತ್ತದೆಂದು ವಿಜ್ಞಾನಿಗಳು ಸಣ್ಣ ಯಂತ್ರಗಳನ್ನು ಅಳವಡಿಸಿ ಕಂಡುಕೊಂಡಿದ್ದಾರೆ. ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಇದರಿಂದ ಉಳಿಯುತ್ತದೆ.

ತಾರೀಖು ಬರೆದಿಡುವುದರಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬ ಜಮೀನ್ದಾರ 1736ರಲ್ಲಿ ವಸಂತದ ಚಿಹ್ನೆಗಳನ್ನು ಬರೆದಿಡಲು ಆರಂಭಿಸಿದ: ಯಾವ ಮರ ಎಂದು ಚಿಗುರಿತು, ಬಾನಕ್ಕಿ ಎಂದು ಬಂತು, ಕೋಗಿಲೆಯ ಜಾತಿಯ ಹಕ್ಕಿ ಎಂದು ಕೂಗಿತು. ಅವನ ತರುವಾಯ ಅವನ ವಂಶದವರು 1958ರ ತನಕ ಆ ಪುಸ್ತಕವನ್ನು ಮುಂದುವರಿಸಿದರು. ಹವಾಮಾನ ಬದಲಾಗುತ್ತಿರುವುದನ್ನು ಅಳೆಯಹೊರಟ ವಿಜ್ಞಾನಿಗಳಿಗೆ ಆ ಮನೆಯ ಕಿರ್ದಿ ಅಮೂಲ್ಯವಾದ ಆಧಾರವಾಯಿತು. ನಮ್ಮ ದೇಶದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು 2007ರಲ್ಲಿ ‘ಮೈಗ್ರಂಟ್ ವಾಚ್’ ಎಂಬ ಯೋಜನೆಯನ್ನು ತೊಡಗಿ, ವಲಸೆಹಕ್ಕಿಗಳನ್ನು ಮೊದಲು ಕಂಡ ದಿನ ಮತ್ತು ಕೊನೆಗೆ ಕಂಡ ದಿನಗಳನ್ನು ತಿಳಿಸುವಂತೆ ಸಾಮಾನ್ಯ ಜನರನ್ನೇ ಕೇಳಿಕೊಂಡರು. ಈಗ ಇಂಥ ದಾಖಲೆಗಳು ‘ಈ-ಬರ್ಡ್’ ಎಂಬ ಜಾಗತಿಕ ಸಂಗ್ರಹಕ್ಕೆ ಸೇರುತ್ತವೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ 30,000ಕ್ಕೂ ಹೆಚ್ಚು ಮಂದಿ ವೀಕ್ಷಕರ ಟಿಪ್ಪಣಿಗಳೇ ತಳಹದಿ. ದೂರದೇಶಗಳಿಂದ ಬರುವ ಹಕ್ಕಿಗಳು ಇಲ್ಲಿಯೇ ನೆಲೆಸಿದವುಗಳಿಗಿಂತ ಹೆಚ್ಚಾಗಿ ಇಳಿಮುಖವಾಗಿವೆಯೆಂದು ಆ ವರದಿ ತೋರಿಸಿಕೊಟ್ಟಿತು.

ಇದಕ್ಕಿಂತ ಹತ್ತಿರದ ಪ್ರಯೋಜನವೊಂದುಂಟು. ಮಾನ್‌ಖುರ್ದಿನಿಂದ ವಾಶಿಗೆ ಲೋಕಲ್ ಗಾಡಿಯಲ್ಲಿ ಖಾಡಿಯನ್ನು ದಾಟುವ ನಮ್ಮ ಗುಮಾಸ್ತರು ಇಳಿತದ ಸಮಯದಲ್ಲಿ ಕೆಸರಿನ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆದಂತೆ ನಿಂತ ರಾಜಹಂಸಗಳನ್ನು ಕಂಡಿರಬಹುದು. ಇವು ಈಗಲೇ ಹೊರಡುವವಲ್ಲ. ಮೇ ತಿಂಗಳ ಕೊನೆಯವರೆಗೂ ಇಲ್ಲಿರುತ್ತವೆ. ಭರತದಲ್ಲಿ ಖಾಡಿಯ ಕೆಸರು ಮುಳುಗಿದಾಗ ನವಿ ಮುಂಬಯಿಯ ಕೆರೆಗಳಿಗೂ ಜೌಗುಗಳಿಗೂ ಬಂದು ನಿಲ್ಲುವುದು, ಇಳಿತವಾದೊಡನೆ ಖಾಡಿಗೆ ಮರಳುವುದು ಅವುಗಳ ದಿನಚರಿ. ಖಾಡಿಯ ಅಭಯಾರಣ್ಯಕ್ಕೆ 2015ರಿಂದ ಕಾನೂನಿನ ರಕ್ಷಣೆಯಿದೆ, 2022ರಿಂದ ರಾಮ್ಸಾರ್ ಪಟ್ಟಿಯ ಗೌರವವೂ ಇದೆ. ಆದರೆ ಭರತದ ಹೊತ್ತಿನಲ್ಲಿ ಹಕ್ಕಿ ನಿಲ್ಲುವ ಜಾಗಗಳು ಅದರ ಹೊರಗೆ ಉಳಿದುವು. 2024ರಲ್ಲಿ ನೆರೂಳಿನ ಕೆರೆಯೊಂದಕ್ಕೆ ಸಮುದ್ರದ ನೀರು ಬರುವ ದಾರಿ ಮುಚ್ಚಿ ನೆಲ ಒಣಗಿತು. ಅದೇ ವರ್ಷದ ಮೇ 20ರ ರಾತ್ರಿ ಘಾಟ್‌ಕೋಪರಿನ ಮೇಲೆ, ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ 30ಕ್ಕೂ ಹೆಚ್ಚು ರಾಜಹಂಸಗಳು ಸತ್ತುಬಿದ್ದುವು. ಜಾಗ ತಪ್ಪಿದ ಹಕ್ಕಿ ದಾರಿ ತಪ್ಪುವುದೆಂದು ಕೆಲವರು ಎರಡನ್ನೂ ಜೋಡಿಸಿದರು. ಆ ಸಂಬಂಧವನ್ನು ನಿಶ್ಚಯವಾಗಿ ಹೇಳುವಷ್ಟು ಧೈರ್ಯ ನಮಗಿಲ್ಲ. 2025ರಲ್ಲಿ ಮಹಾರಾಷ್ಟ್ರದ ವನ್ಯಜೀವಿ ಮಂಡಳಿ ನೆರೂಳಿನ ಆ ಕೆರೆಯನ್ನು ಸಂರಕ್ಷಿತ ಪ್ರದೇಶವನ್ನಾಗಿಸಲು ಒಪ್ಪಿತು. ಒಂದು ಜೌಗನ್ನು ತುಂಬಿಸಬೇಕೆನ್ನುವವರು ಮೊದಲು ಹೇಳುವ ಮಾತು “ಇಲ್ಲಿ ಹಕ್ಕಿಗಳೇ ಇರಲಿಲ್ಲ” ಎಂಬುದು. ಅದಕ್ಕೆ ಉತ್ತರ ಕೊಡಬಲ್ಲದ್ದು ತಾರೀಖು, ಸಮಯ, ಸಂಖ್ಯೆಗಳಿರುವ ಪುಸ್ತಕವೇ ಹೊರತು ಕಣ್ಣೀರಲ್ಲ.

ಈ ಕೆಲಸಕ್ಕೆ ದುರ್ಬೀನು ಇದ್ದವರೇ ಬೇಕೆಂದು ನಮಗೆ ತೋರುವುದಿಲ್ಲ. ವಾರಕ್ಕೊಮ್ಮೆ ಕಾರಿನಲ್ಲಿ ಬರುವ ಪಕ್ಷಿಪ್ರೇಮಿಗಿಂತ, ದಿನವೂ ಬೆಳಗಿನ ನಾಲ್ಕಕ್ಕೆ ಎದ್ದು ಅದೇ ಹಿತ್ತಿಲ ಬಾಗಿಲನ್ನು ತೆರೆಯುವ ಅಡಿಗೆಯವನಿಗೆ, ಅದೇ ಗಾಡಿಯ ಅದೇ ಕಿಟಕಿಯಲ್ಲಿ ಕುಳಿತುಕೊಳ್ಳುವ ಗುಮಾಸ್ತನಿಗೆ, ಒಂದು ಜಾಗದ ವಿಷಯದಲ್ಲಿ ಅಧಿಕಾರ ಹೆಚ್ಚು. ಒಂದು ಜಾಗವನ್ನು ಆರಿಸಿಕೊಳ್ಳಬೇಕು. ತಾರೀಖು, ಹೊತ್ತು, ಹಕ್ಕಿ, ಎಷ್ಟು ಎಂಬುದನ್ನು ಬರೆಯಬೇಕು. ಹೆಸರು ತಿಳಿಯದಿದ್ದರೆ ಬಣ್ಣವನ್ನೂ ನಡೆಯನ್ನೂ ಬರೆದರೆ ಸಾಕು. ಮಾಟುಂಗಾದ ವಾಚಕರು ಬರೆದದ್ದೂ ಅಷ್ಟೇ. ನೋಡಿಯೂ ಕಾಣದ ದಿನ ‘ಇಲ್ಲ’ ಎಂದು ಬರೆಯಬೇಕು. ನೋಡದೆ ಬಿಟ್ಟ ದಿನವನ್ನು ಖಾಲಿ ಬಿಡಬೇಕು. ಇವೆರಡನ್ನು ಬೆರೆಸಿದರೆ ಪುಸ್ತಕವೇ ನಿರರ್ಥಕವಾದೀತು. ಬರೆದದ್ದನ್ನು ಈ-ಬರ್ಡಿಗೆ ಏರಿಸುವುದು ಚಾಳಿನ ಕಾಲೇಜು ಹುಡುಗರಿಗೆ ಕಷ್ಟದ ಕೆಲಸವಲ್ಲ.

ಮಾಟುಂಗಾದ ಮಹನೀಯರಲ್ಲಿ ಒಂದು ಮಾತನ್ನು ನಿವೇದಿಸಿಕೊಳ್ಳುತ್ತೇವೆ. ತಮ್ಮ ಹಕ್ಕಿ ಹೋಯಿತೆಂದು ಈಗಲೇ ಖಾತೆ ಮುಗಿಸಬೇಡಿ. ದಕ್ಷಿಣದಲ್ಲಿ ಇನ್ನೂ ಉಳಿದಿರುವ ಸಿಪಿಲೆಗಳು ಈ ತಿಂಗಳೆಲ್ಲ ಉತ್ತರಕ್ಕೆ ಹಾದುಹೋಗುತ್ತಿರುತ್ತವೆ. ತಮ್ಮ ಓಣಿಯ ನೀರಿಗೆ ಒಂದು ದಿನದ ಮಟ್ಟಿಗೆ ಬೇರೊಂದು ಇಳಿಯಲೂಬಹುದು. ಏಪ್ರಿಲ್ ಮುಗಿಯುವ ತನಕ ಪಾತ್ರೆ ತೊಳೆಯುವ ಹುಡುಗನಿಗೆ ದಿನಕ್ಕೊಂದು ಸಲ ಅತ್ತ ನೋಡಲು ಹೇಳಿ, ಗಲ್ಲೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕಿಡಿ. ಗಣಪತಿ ವಿಸರ್ಜನೆ ಮತ್ತೆ ಬಂದಾಗ ಆ ಹಾಳೆಯನ್ನು ನಮಗೂ ಕಳುಹಿಸಿಕೊಟ್ಟರೆ ಪ್ರಕಟಿಸುತ್ತೇವೆ.